ಬೈಕಿಗೆ ಎಲ್‌ಇಡಿ ಬ್ರೇಕ್ ಲೈಟ್ ಹಾಕಿದ ಮೇಲೆ ಬರುವ ದೋಷ ಹುಡುಕುವುದು ಹೇಗೆ

ಚಾರ್ಮಾಡಿ ಘಾಟಿಯಲ್ಲಿ ಜುಲೈ ತಿಂಗಳ ಮಂಜು ನೋಡಿದವರಿಗೆ ಬ್ರೇಕ್ ಲೈಟಿನ ಬೆಲೆ ಏನು ಅಂತ ಹೇಳಬೇಕಾಗಿಲ್ಲ. ಕೊಟ್ಟಿಗೆಹಾರ ದಾಟಿ ಇಳಿಯಲು ಶುರು ಮಾಡಿದರೆ ಮುಂದಿನ ಗಾಡಿ ಕಾಣುವುದಿಲ್ಲ, ಅದರ ಕೆಂಪು ದೀಪ ಮಾತ್ರ ಕಾಣುತ್ತದೆ. ಅಪ್ಪನ ಹಳೇ 100 ಸಿಸಿ ಬೈಕಿಗೆ ನಾನು ಎಲ್‌ಇಡಿ ಹಾಕಿದ್ದು ಇದಕ್ಕಾಗಿಯೇ. ತಂತಿ (ಫಿಲಮೆಂಟ್) ಬಲ್ಬು ಕಾಯ್ದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಎಲ್‌ಇಡಿ ತಕ್ಷಣ ಬೆಳಗುತ್ತದೆ. 60 ಕಿ.ಮೀ. ವೇಗದಲ್ಲಿ ಬರುವ ಲಾರಿ ಆ 0.2 ಸೆಕೆಂಡಿನಲ್ಲಿ 3 ಮೀಟರ್‌ಗೂ ಜಾಸ್ತಿ ಮುಂದೆ ಬಂದಿರುತ್ತದೆ. ಘಾಟಿಯ ತಿರುವಿನಲ್ಲಿ ಆ 3 ಮೀಟರ್ ತುಂಬಾ ದೊಡ್ಡದು.

ಬಲ್ಬು ಬದಲಿಸಲು ಐದು ನಿಮಿಷ ಸಾಕಾಯಿತು. ಅದರ ಹಿಂದೆ ಬಂದ ತೊಂದರೆಗಳನ್ನು ಸರಿಮಾಡಲು ಒಂದು ಮಳೆಗಾಲವೇ ಬೇಕಾಯಿತು. ಬ್ರೇಕ್ ಮುಟ್ಟದಿದ್ದರೂ ದೀಪ ಮಂದವಾಗಿ ಉರಿಯುತ್ತಿತ್ತು. ಅಂಗಡಿಯವರು "ಬಲ್ಬೇ ಸರಿ ಇಲ್ಲ ಸರ್, ಬೇರೆ ಹಾಕಿ" ಎಂದರು. ಬೇರೆ ಹಾಕಿದೆ, ಅದೂ ಹಾಗೇ ಉರಿಯಿತು. ಮೂರನೆಯದನ್ನೂ ಹಾಕಿದೆ. ಕೊನೆಗೆ ನೋಡಿದರೆ ತಪ್ಪು ಬಲ್ಬಿನದ್ದಲ್ಲ, ಹಿಂದಿನ ಬ್ರೇಕಿನ ಸ್ವಿಚ್ಚಿನೊಳಗೆ ಕೆಸರು ನೀರು ಸೇರಿತ್ತು. ಬಹುಶಃ ಎರಡು ಮೂರು ವರ್ಷದಿಂದ ಅಲ್ಲೇ ಇತ್ತು. ತಂತಿ ಬಲ್ಬು ಇದ್ದಾಗ ಅದು ಹೊರಗೆ ಕಾಣಿಸಿಕೊಂಡಿರಲಿಲ್ಲ, ಅಷ್ಟೇ.

ಆವತ್ತಿನಿಂದ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಒಂದೇ ಮಾತು: ತೆಗೆದ ಹಳೇ ಬಲ್ಬನ್ನು ಎಸೆಯಬೇಡಿ. ದೋಷ ಹುಡುಕಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಎರಡು ಬಲ್ಬು, ಎರಡು ಸ್ವಭಾವ

ನಮ್ಮ ಹೆಚ್ಚಿನ ಹಳೇ ಬೈಕುಗಳ ಹಿಂದೆ ಇರುವುದು 12 ವೋಲ್ಟ್, 21/5 ವ್ಯಾಟ್‌ನ ಎರಡು ತಂತಿಯ ಬಲ್ಬು. ಅಂಗಡಿಯಲ್ಲಿ ಪಿ21/5ಡಬ್ಲ್ಯೂ ಅಥವಾ 1157 ಅಂತ ಕೇಳಿದರೆ ಕೊಡುತ್ತಾರೆ. 5 ವ್ಯಾಟ್ ತಂತಿ ಟೇಲ್ ಲ್ಯಾಂಪಿಗೆ, 21 ವ್ಯಾಟ್ ತಂತಿ ಬ್ರೇಕಿಗೆ. ಬುಡದ ಎರಡು ಪಿನ್‌ಗಳು ಮೇಲೆ ಕೆಳಗೆ ಇರುತ್ತವೆ, ಹಾಗಾಗಿ ಬಲ್ಬು ಒಂದೇ ರೀತಿಯಲ್ಲಿ ಕೂರುತ್ತದೆ. ಕೆಳಗಿನ ಎರಡು ಸೀಸದ ಚುಕ್ಕಿಗಳಿಗೆ ಪ್ಲಸ್ ಬರುತ್ತದೆ, ಲೋಹದ ಮೈಯೇ ಅರ್ಥಿಂಗ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ.

ಬ್ರೇಕ್ ಹಿಡಿದಾಗ 21 ವ್ಯಾಟ್ ತಂತಿ ಸುಮಾರು 1.75 ಆಂಪ್ ಎಳೆಯುತ್ತದೆ. ಅದೇ ಜಾಗಕ್ಕೆ ಹಾಕುವ ಎಲ್‌ಇಡಿ ಅದರಲ್ಲಿ ಸಣ್ಣ ಪಾಲನ್ನಷ್ಟೇ ಎಳೆಯುತ್ತದೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಅರ್ಧ ದೋಷ ಸಿಕ್ಕ ಹಾಗೆ.

ತಂತಿ ಬಲ್ಬಿಗೆ ಜಾಸ್ತಿ ಕರೆಂಟ್ ಬೇಕು. ಆದ್ದರಿಂದ ಎಲ್ಲಾದರೂ ತುಕ್ಕು, ಕಿಲುಬು, ಸಡಿಲ ಜೋಡಣೆ ಇದ್ದರೆ ಅದು ತಕ್ಷಣ ಮಂಕಾಗುತ್ತದೆ. ಆದರೆ ಒಂದೆರಡು ಮಿಲಿಆಂಪ್ ಸೋರಿಕೆ ಇದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಲ್‌ಇಡಿ ಇದಕ್ಕೆ ಪೂರಾ ಉಲ್ಟಾ. ಕೆಟ್ಟ ಜೋಡಣೆಯಲ್ಲೂ ಚೆನ್ನಾಗಿಯೇ ಉರಿಯಬಹುದು, ಆದರೆ ಒಂದು ಹನಿ ಸೋರಿಕೆ ಇದ್ದರೂ ಮಿಣುಕುತ್ತದೆ. ಸೋರಿಕೆ ಹಿಡಿಯಲು ಎಲ್‌ಇಡಿ, ಕೆಟ್ಟ ಜೋಡಣೆ ಹಿಡಿಯಲು ಹಳೇ ಬಲ್ಬು. ಎರಡನ್ನೂ ಬದಲಾಯಿಸಿ ಹಾಕಿ ನೋಡಿದರೆ ದೋಷ ಬಲ್ಬಿನದೋ ಗಾಡಿಯದೋ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಇದರ ಜೊತೆಗೆ ಒಂದು ಸಾಧಾರಣ ಮಲ್ಟಿಮೀಟರ್, ಎಮರಿ ಪೇಪರ್, ಸ್ಕ್ರೂಡ್ರೈವರ್ ಇದ್ದರೆ ಸಾಕು. ವೈರ್ ಬಣ್ಣವನ್ನು ಮಾತ್ರ ನಂಬಬೇಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಹಳೇ ಗಾಡಿಯಲ್ಲಿ ನಡುವೆ ಯಾರೋ ಬೇರೆ ಬಣ್ಣದ ತುಂಡು ಸೇರಿಸಿರುವುದೂ ಉಂಟು. ಮೀಟರ್ ಇಟ್ಟು ನೋಡಿಯೇ ಮುಂದೆ ಹೋಗಿ.

ಬ್ರೇಕ್ ಹಿಡಿಯದಿದ್ದರೂ ದೀಪ ಉರಿಯುತ್ತಿದೆ

ಮೊದಲು ಪೂರ್ತಿ ಉರಿಯುತ್ತಿದೆಯೋ ಮಂದವಾಗಿ ಮಿಣುಕುತ್ತಿದೆಯೋ ನೋಡಿ. ಹಗಲಲ್ಲಿ ಮಿಣುಕು ಕಾಣುವುದಿಲ್ಲ, ಕತ್ತಲಲ್ಲೇ ನೋಡಬೇಕು.

ಪೂರ್ತಿ ಉರಿಯುತ್ತಿದ್ದರೆ ಹಳೇ ಬಲ್ಬು ಹಾಕಿ. ಅದೂ ಪೂರ್ತಿ ಉರಿದರೆ ಸ್ವಿಚ್ ಅಂಟಿಕೊಂಡಿದೆ ಅಥವಾ ಅದರ ಸೆಟ್ಟಿಂಗ್ ತಪ್ಪಿದೆ. ಡ್ರಮ್ ಬ್ರೇಕ್ ಗಾಡಿಯಲ್ಲಿ ಹಿಂದಿನ ಬ್ರೇಕ್ ಟೈಟ್ ಮಾಡಿಸಿ, ಪೆಡಲ್ ಎತ್ತರವನ್ನೂ ಬದಲಿಸಿದ ಮೇಲೆ ಇದು ಸಾಮಾನ್ಯ. ಪೆಡಲ್ ಹತ್ತಿರ ಒಂದು ಸಣ್ಣ ಸ್ಪ್ರಿಂಗ್ ಮೇಲಕ್ಕೆ ಹೋಗಿರುತ್ತದೆ ಅಲ್ವಾ, ಅದರ ತುದಿಯಲ್ಲಿ ಇರುವುದೇ ಸ್ವಿಚ್. ಅದರ ಪ್ಲಾಸ್ಟಿಕ್ ನಟ್ ತಿರುಗಿಸಿದರೆ ಸ್ವಿಚ್ ಮೇಲೆ ಕೆಳಗೆ ಹೋಗುತ್ತದೆ. ಸ್ವಿಚ್ ಮೇಲೆ ಹೋದರೆ ದೀಪ ಬೇಗ ಉರಿಯುತ್ತದೆ, ಕೆಳಗೆ ಬಂದರೆ ತಡವಾಗಿ. ಸ್ವಿಚ್ಚಿನ ಮೈಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಟ್ ಮಾತ್ರ ತಿರುಗಿಸಿ. ಮೈ ತಿರುಗಿದರೆ ವೈರ್ ತಿರುಚಿ ಒಳಗೇ ತುಂಡಾಗುತ್ತದೆ. ಬ್ರೇಕ್ ಕಚ್ಚುವುದಕ್ಕೆ ಸ್ವಲ್ಪ ಮುಂಚೆ ದೀಪ ಉರಿಯಬೇಕು, ಕಾಲು ತೆಗೆದ ತಕ್ಷಣ ಆರಬೇಕು.

ಮಂದವಾಗಿ ಮಿಣುಕುತ್ತಿದ್ದು, ಹಳೇ ಬಲ್ಬು ಹಾಕಿದಾಗ ಆ ಮಿಣುಕು ಇಲ್ಲದಿದ್ದರೆ ಅದು ನನ್ನ ಕೇಸೇ: ಸೋರಿಕೆ. ಮತ್ತೆ ಎಲ್‌ಇಡಿ ಹಾಕಿ, ಟೇಲ್ ಲ್ಯಾಂಪ್ ಆಫ್ ಇರಲಿ, ಕೀ ಆನ್ ಮಾಡಿ. ಈಗ ಹಿಂದಿನ ಬ್ರೇಕ್ ಸ್ವಿಚ್ಚಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ. ಮಿಣುಕು ನಿಂತಿತೇ? ದೋಷ ಅಲ್ಲೇ ಇದೆ. ನಿಲ್ಲದಿದ್ದರೆ ಅದನ್ನು ಬಿಚ್ಚಿದ ಹಾಗೇ ಬಿಟ್ಟು, ಮುಂದಿನ ಬ್ರೇಕ್ ಲಿವರ್ ಹತ್ತಿರದ ಸ್ವಿಚ್ಚಿನ ವೈರ್ ಬಿಚ್ಚಿ ನೋಡಿ. ಎರಡೂ ಬಿಚ್ಚಿದರೂ ಮಿಣುಕುತ್ತಿದ್ದರೆ ವೈರಿಂಗ್‌ನಲ್ಲೇ ಎಲ್ಲೋ ಸೋರುತ್ತಿದೆ. ಸೀಟಿನ ಕೆಳಗೆ ವೈರ್ ಕಟ್ಟು ಚೇಸಿಸ್‌ಗೆ ಉಜ್ಜುವ ಜಾಗ, ಹಿಂದಿನ ಮಡ್‌ಗಾರ್ಡ್ ಒಳಗೆ ಕೆಸರು ಹೊಡೆಯುವ ಕಪ್ಲರ್, ಈ ಎರಡು ಕಡೆ ಮೊದಲು ನೋಡಿ.

ಹಿಂದಿನ ಸ್ವಿಚ್ ಇರುವ ಜಾಗವೇ ಹಾಗಿದೆ. ಚಕ್ರದ ನೀರು, ಕೆಸರು ಎಲ್ಲ ಅಲ್ಲಿಗೇ ಹೊಡೆಯುತ್ತದೆ. ಒಳಗೆ ಒದ್ದೆ ಮಣ್ಣು ಸೇರಿದರೆ ಎರಡು ಕಾಂಟ್ಯಾಕ್ಟ್‌ಗಳ ನಡುವೆ ಕರೆಂಟಿಗೆ ಸಣ್ಣ ಕಾಲುದಾರಿ ಸಿಗುತ್ತದೆ. ಬಿಚ್ಚಿದ ಸ್ವಿಚ್ಚಿಗೆ ಮೀಟರನ್ನು ಓಮ್ಸ್‌ನಲ್ಲಿ ಇಟ್ಟು ನೋಡಿ. ಪೆಡಲ್ ಒತ್ತದಿದ್ದಾಗ ಮೀಟರ್ ಏನೂ ತೋರಿಸಬಾರದು. ಯಾವುದಾದರೂ ಅಂಕಿ ಕುಣಿಯುತ್ತಿದ್ದರೆ ಸ್ವಿಚ್ ಬದಲಿಸಿ. ದುಬಾರಿ ಸಾಮಾನೇನಲ್ಲ, ತೊಳೆದು ಒಣಗಿಸಿ ಹಾಕುವ ಕಷ್ಟ ಬೇಡ. ನಾನು ಒಮ್ಮೆ ಹಾಗೆ ಮಾಡಿ ನೋಡಿದೆ, ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಹೊಸ ಸ್ವಿಚ್ಚಿನ ರಬ್ಬರ್ ಟೋಪಿ ಸರಿಯಾಗಿ ಕೂತಿದೆಯೇ ನೋಡಿ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ದಯವಿಟ್ಟು ಬೇಡ, ಅದು ಧೂಳನ್ನು ಹಿಡಿದು ಅಂಟಾಗುತ್ತದೆ.

ಗಾಡಿ ಐಡ್ಲಿಂಗ್‌ನಲ್ಲಿದ್ದಾಗ ಟೇಲ್ ಲ್ಯಾಂಪ್ ನಡುಗುತ್ತದೆ

ಇದಕ್ಕೆ ಬಲ್ಬನ್ನು ಬೈಯುವವರೇ ಜಾಸ್ತಿ. ಆದರೆ ಕಾರಣ ಗಾಡಿಯ ವೈರಿಂಗ್ ಕ್ರಮದಲ್ಲೇ ಇದೆ. ಹಳೇ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟ್ ಮತ್ತು ಟೇಲ್ ಲ್ಯಾಂಪ್ ಬ್ಯಾಟರಿಯಿಂದ ಉರಿಯುವುದಿಲ್ಲ. ಎಂಜಿನ್ ಪಕ್ಕದ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಎಸಿ (ದಿಕ್ಕು ಬದಲಾಗುತ್ತಲೇ ಇರುವ) ಕರೆಂಟ್ ನೇರ ಅವಕ್ಕೆ ಹೋಗುತ್ತದೆ. ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್ ಮಾತ್ರ ಬ್ಯಾಟರಿಯ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್. ಒಂದೇ ಬಲ್ಬಿನೊಳಗೆ ಒಂದು ತಂತಿಗೆ ಎಸಿ, ಇನ್ನೊಂದಕ್ಕೆ ಡಿಸಿ!

ತಂತಿ ಬಲ್ಬಿಗೆ ಎಸಿ, ಡಿಸಿ ಎರಡೂ ಒಂದೇ. ಕೆಂಪಗೆ ಕಾದ ತಂತಿ ನಡುವಿನ ಖಾಲಿ ಹೊತ್ತಿನಲ್ಲಿ ಆರುವುದಿಲ್ಲ. ಎಲ್‌ಇಡಿ ಹಾಗಲ್ಲ. ಕರೆಂಟ್ ಉಲ್ಟಾ ತಿರುಗಿದ ಕ್ಷಣ ಆರುತ್ತದೆ, ಸರಿಯಾದ ಕ್ಷಣ ಉರಿಯುತ್ತದೆ. ಎಂಜಿನ್ ನಿಧಾನ ಇದ್ದಾಗ ಈ ಆರು–ಉರಿ ಕಣ್ಣಿಗೆ ನಡುಕದಂತೆ ಕಾಣುತ್ತದೆ. ಆಕ್ಸಿಲರೇಟರ್ ಕೊಟ್ಟರೆ ನಿಂತ ಹಾಗೆ ಕಾಣುತ್ತದೆ. ಅಗ್ಗದ ಬಲ್ಬಿನಲ್ಲಿ ಉಲ್ಟಾ ಕರೆಂಟ್ ತಡೆಯುವ ಡಯೋಡ್ ಇಲ್ಲದಿದ್ದರೆ ಅದು ಬೇಗ ಸುಟ್ಟೂ ಹೋಗುತ್ತದೆ.

ನಿಮ್ಮ ಗಾಡಿ ಈ ಥರದ್ದೇ ಎಂದು ತಿಳಿಯುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಲೈಟ್ ಸ್ವಿಚ್ ಇದ್ದರೆ ಅದನ್ನೂ ಹಾಕಿ. ಬ್ರೇಕ್ ಲೈಟ್ ಉರಿದು ಟೇಲ್ ಲ್ಯಾಂಪ್ ಉರಿಯದಿದ್ದರೆ ಎಸಿ ಇರುವ ಸಾಧ್ಯತೆಯೇ ಹೆಚ್ಚು. ಎಂಜಿನ್ ಶುರುವಾದ ಮೇಲೆ ರೇಸ್ ಮಾಡಿದಾಗ ಹೆಡ್‌ಲೈಟ್ ಚೆನ್ನಾಗಿ ಏರಿ ಇಳಿದರೆ ಇನ್ನಷ್ಟು ಖಾತ್ರಿ. 2017ರ ಏಪ್ರಿಲ್‌ನಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ಸದಾ ಉರಿಯಲೇಬೇಕು. ಅಂಥ ಗಾಡಿಗಳಲ್ಲಿ ಡಿಸಿ ಇದ್ದರೂ ಎಂಜಿನ್ ಓಡದೆ ಲೈಟ್ ಬಾರದೆ ಇರಬಹುದು. ಆಗ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಇಟ್ಟು, ಎಂಜಿನ್ ಓಡುವಾಗ ಟೇಲ್ ವೈರ್ ನೋಡುವುದೇ ಸರಿ.

ಪರಿಹಾರ ಎರಡು. ಒಳಗೇ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇರುವ, ಎಸಿ ಮತ್ತು ಡಿಸಿ ಎರಡಕ್ಕೂ ಆಗುವ ಬಲ್ಬು ತರುವುದು ಒಂದು. ಸುಡುವುದು ತಪ್ಪುತ್ತದೆ, ಐಡ್ಲಿಂಗ್‌ನ ನಡುಕ ಸ್ವಲ್ಪ ಉಳಿಯಬಹುದು. ನನಗೆ ಇಷ್ಟವಾದದ್ದು ಇನ್ನೊಂದು: ಟೇಲ್ ಲ್ಯಾಂಪನ್ನೂ ಡಿಸಿಗೆ ತರುವುದು.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಹಿಂದಿನ ಬ್ರೇಕ್ ಸ್ವಿಚ್ಚಿಗೆ ಎರಡು ವೈರ್ ಬರುತ್ತವೆ. ಅದರಲ್ಲಿ ಒಂದರಲ್ಲಿ ಕೀ ಆನ್ ಮಾಡಿದಾಗ ಬ್ರೇಕ್ ಹಿಡಿಯದಿದ್ದರೂ 12 ವೋಲ್ಟ್ ಇರುತ್ತದೆ. ಯಾವುದು ಎಂದು ಮೊದಲೇ ಮೀಟರಿನಲ್ಲಿ ನೋಡಿ ಗುರುತು ಮಾಡಿಕೊಂಡಿರಿ. ಅದರಿಂದ ಒಂದು ವೈರ್ ಎಳೆದು, ನಡುವೆ 1 ಅಥವಾ 2 ಆಂಪ್‌ನ ಫ್ಯೂಸ್ ಹಾಕಿ, ಹಿಂದಿನ ಹೋಲ್ಡರಿನ ಟೇಲ್ ವೈರಿಗೆ ಸೇರಿಸಿ. ಹಳೇ ಎಸಿ ವೈರನ್ನು ಪೂರ್ತಿ ಬೇರ್ಪಡಿಸಿ ತುದಿಗೆ ಟೇಪ್ ಸುತ್ತಬೇಕು. ಇದನ್ನು ಮರೆಯುವ ಹಾಗೇ ಇಲ್ಲ. ಎಸಿ ವೈರ್ ಅಲ್ಲೇ ಸೇರಿಕೊಂಡಿದ್ದರೆ ಬ್ಯಾಟರಿಯ ಕರೆಂಟ್ ಕಾಯಿಲ್‌ಗೆ ನುಗ್ಗುತ್ತದೆ, ಆಗ ಕನಿಷ್ಠ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದಿದ್ದರೆ ಕಾಯಿಲ್ ಹೋಗುತ್ತದೆ. ಈ ಕೆಲಸ ಮಾಡಿದ ಮೇಲೆ ಹಿಂದೆ ತಂತಿ ಬಲ್ಬು ಹಾಕಿಕೊಂಡು ಓಡಿಸಬೇಡಿ, ಎಲ್‌ಇಡಿಯೇ ಇರಲಿ. ಈ ಗಾಡಿಗಳ ಬ್ಯಾಟರಿ ಚಿಕ್ಕದು, ಚಾರ್ಜಿಂಗೂ ಕಡಿಮೆ.

ಅಪ್ಪನ ಬೈಕಿನಲ್ಲಿ ಈಗ ಕೀ ತಿರುಗಿಸಿದ ಕೂಡಲೇ ಹಿಂದಿನ ದೀಪ ಉರಿಯುತ್ತದೆ. ಘಾಟಿಯಲ್ಲಿ ಎಂಜಿನ್ ನಿಂತು ಹೋದರೂ ಹಿಂದಿನಿಂದ ಬರುವವರಿಗೆ ನಾವು ಕಾಣುತ್ತೇವೆ. ಮೊದಲಿನ ವೈರಿಂಗ್‌ನಲ್ಲಿ ಎಂಜಿನ್ ನಿಂತರೆ ಟೇಲ್ ಲ್ಯಾಂಪೂ ನಿಲ್ಲುತ್ತಿತ್ತು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬ್ರೇಕ್ ಹಿಡಿದರೂ ವ್ಯತ್ಯಾಸ ಕಾಣುವುದಿಲ್ಲ

ಒಮ್ಮೆ ಚಿಕ್ಕಪ್ಪನ ಮಗ ನನ್ನ ಹಿಂದೆಯೇ ಬೈಕಿನಲ್ಲಿ ಬರುತ್ತಿದ್ದ. ಮೂಡಿಗೆರೆಯಲ್ಲಿ ಟೀ ಕುಡಿಯಲು ನಿಂತಾಗ ಹೇಳಿದ: "ಅಣ್ಣಾ, ನೀನು ಬ್ರೇಕ್ ಹಿಡಿದಿದ್ದು ನನಗೆ ಒಂದು ಸಲವೂ ಗೊತ್ತಾಗಲಿಲ್ಲ." ದೀಪ ಚೆನ್ನಾಗಿ ಉರಿಯುತ್ತಿತ್ತು. ಯಾವಾಗಲೂ ಚೆನ್ನಾಗಿ ಉರಿಯುತ್ತಿತ್ತು, ಅದೇ ತೊಂದರೆ.

ತಂತಿ ಬಲ್ಬಿನಲ್ಲಿ 5 ವ್ಯಾಟ್ ಕಡೆ ಸುಮಾರು 35 ಲ್ಯೂಮೆನ್, 21 ವ್ಯಾಟ್ ಕಡೆ ಸುಮಾರು 440 ಲ್ಯೂಮೆನ್ ಬೆಳಕು ಬರುತ್ತದೆ. ಹನ್ನೆರಡು ಪಟ್ಟು ಅಂತರ. ಹಿಂದಿನವರ ಕಣ್ಣು ಗಮನಿಸುವುದು ಬೆಳಕನ್ನಲ್ಲ, ಈ ಜಿಗಿತವನ್ನು. ಕೆಲವು ಎಲ್‌ಇಡಿಗಳಲ್ಲಿ ಟೇಲ್ ಭಾಗವೇ ಅತಿ ಜೋರು, ಬ್ರೇಕ್ ಹಿಡಿದರೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂಥ ಬಲ್ಬನ್ನು ಹಿಂತಿರುಗಿಸಿ. ಎಷ್ಟೇ ಬೆಳಕಿದ್ದರೂ ಅದು ಬ್ರೇಕ್ ಲೈಟ್ ಅಲ್ಲ.

ಟೇಲ್ ಜೋರಾಗಿ, ಬ್ರೇಕ್ ಹಿಡಿದಾಗ ಏನೂ ಬದಲಾಗದಿದ್ದರೆ ಹೋಲ್ಡರಿನ ಎರಡು ವೈರ್ ಅದಲು ಬದಲಾಗಿರಬಹುದು. ಹಳೇ ಬಲ್ಬು ಹಾಕಿದರೂ ಟೇಲ್‌ನಲ್ಲಿ ದೊಡ್ಡ ತಂತಿಯೇ ಕಾಯುತ್ತಿದ್ದರೆ ಇದೇ ಕಾರಣ.

ಇನ್ನೊಂದು ವಿಷಯ, ಬೆಳಕಿನ ಬಣ್ಣ. ಲೆನ್ಸ್ ಕೆಂಪಿದ್ದರೆ ಒಳಗೆ ಕೆಂಪು ಎಲ್‌ಇಡಿಯೇ ಚೆನ್ನ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಕೆಂಪು ಲೆನ್ಸ್ ಅದರ ಹೆಚ್ಚಿನ ಪಾಲನ್ನು ನುಂಗಿ ಪೇಲವ ಬಣ್ಣ ಕೊಡುತ್ತದೆ. ಆದರೆ ಕೆಂಪು ಹಾಕಿದರೆ ಲೆನ್ಸಿನ ಕೆಳಗಿನ ಪಾರದರ್ಶಕ ಕಿಂಡಿಯಿಂದ ನಂಬರ್ ಪ್ಲೇಟಿಗೂ ಕೆಂಪು ಬೆಳಕೇ ಬೀಳುತ್ತದೆ. ನಂಬರ್ ಪ್ಲೇಟಿಗೆ ಬಿಳಿ ಬೆಳಕೇ ಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಕೆಳಮುಖವಾಗಿ ಬಿಳಿ ಚಿಪ್ ಇರುವ ಕೆಂಪು ಬಲ್ಬು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಪ್ಲೇಟಿಗೆ ಬೇರೆ ಸಣ್ಣ ಬಿಳಿ ದೀಪ ಹಾಕಿಸಿ. ಬಲ್ಬಿನ ಸುತ್ತಲೂ ಚಿಪ್ ಇದೆಯೇ ಎಂದೂ ನೋಡಿ. ತುದಿಯಲ್ಲಿ ಮಾತ್ರ ಇದ್ದರೆ ರಿಫ್ಲೆಕ್ಟರಿಗೆ ಬೆಳಕು ಬೀಳದೆ, ನಡುವೆ ಒಂದು ಚುಕ್ಕಿ ಮಾತ್ರ ಹೊಳೆಯುತ್ತದೆ.

ಬ್ರೇಕ್ ಹಿಡಿದರೆ ಬೇರೇನೋ ಆಗುತ್ತದೆ

ಬ್ರೇಕ್ ಒತ್ತಿದರೆ ಟೇಲ್ ಆರುತ್ತದೆ. ಅಥವಾ ಎಂಜಿನ್ ಓಡದಿದ್ದರೂ ಮೀಟರ್ ಬೋರ್ಡಿನ ದೀಪ ಮಿಣುಕುತ್ತದೆ. ಅಥವಾ ಇಂಡಿಕೇಟರ್ ಜೊತೆ ಬ್ರೇಕ್ ಲೈಟೂ ಕುಣಿಯುತ್ತದೆ. ಇವೆಲ್ಲ ಒಂದೇ ಕುಟುಂಬದ ದೋಷಗಳು, ಹೆಚ್ಚಿನ ಸಲ ಮೂಲ ಕೆಟ್ಟ ಅರ್ಥಿಂಗ್. ವಾಪಸ್ ಹೋಗಲು ಸರಿಯಾದ ದಾರಿ ಸಿಗದ ಕರೆಂಟ್ ಟೇಲ್ ತಂತಿಯ ಮೂಲಕ ಹಿಮ್ಮುಖವಾಗಿ ಹೋಗಿ, ಆ ವೈರಿನಲ್ಲಿ ಇರುವ ಮೀಟರ್ ದೀಪವನ್ನು ದಾಟಿ ಅರ್ಥಿಂಗ್ ಹುಡುಕುತ್ತದೆ.

ಇಲ್ಲಿ ಹಳೇ ಬಲ್ಬೇ ಬೇಕು. ಅದನ್ನು ಹಾಕಿ, ಕೀ ಆನ್ ಮಾಡಿ, ಯಾರಿಗಾದರೂ ಬ್ರೇಕ್ ಹಿಡಿದುಕೊಳ್ಳಲು ಹೇಳಿ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಕೆಂಪು ಕಡ್ಡಿಯನ್ನು ಹೋಲ್ಡರಿನ ಲೋಹದ ಮೈಗೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಮುಟ್ಟಿಸಿ. 0.2 ವೋಲ್ಟ್ ಒಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೆಟ್ಟಿದೆ. ಇದೇ ಪರೀಕ್ಷೆಯನ್ನು ಎಲ್‌ಇಡಿ ಹಾಕಿ ಮಾಡಿದರೆ ಕರೆಂಟ್ ಕಡಿಮೆ ಇರುವುದರಿಂದ ಎಲ್ಲ ಸರಿ ಇದ್ದ ಹಾಗೆ ತೋರಿಸುತ್ತದೆ.

ಟೇಲ್ ಲ್ಯಾಂಪ್ ಮಡ್‌ಗಾರ್ಡಿಗೆ ಕೂರುವ ಬೋಲ್ಟಿನ ಸುತ್ತ ಪೇಂಟ್, ತುಕ್ಕು ಇದ್ದರೆ ಎಮರಿ ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ. ಗಾಡಿಗೆ ಹೊಸದಾಗಿ ಪೇಂಟ್ ಮಾಡಿಸಿದ ಮೇಲೆ ಈ ದೋಷ ಬಂದಿದ್ದರೆ ಬೇರೆಲ್ಲೂ ಹುಡುಕಬೇಡಿ. ಹೋಲ್ಡರಿನಿಂದ ಚೇಸಿಸ್‌ಗೆ ಬೇರೆಯದೇ ಒಂದು ವೈರ್ ಹಾಕಿಬಿಟ್ಟರೆ ಇನ್ನೂ ನಿಶ್ಚಿಂತೆ.

ಹಳೇ ಬಲ್ಬಿನಲ್ಲಿ ಎಲ್ಲ ಸರಿಯಿದ್ದು, ಎಲ್‌ಇಡಿ ಹಾಕಿದಾಗ ಮಾತ್ರ ಮೀಟರ್ ದೀಪ ಮಿಣುಕಿದರೆ ತಪ್ಪು ಬಲ್ಬಿನದೇ. ಅದರೊಳಗೆ ಎರಡು ಕಡೆಯನ್ನು ಬೇರ್ಪಡಿಸುವ ಡಯೋಡ್ ಇಲ್ಲ.

ಉರಿಯುವುದೇ ಇಲ್ಲ, ಅಥವಾ ರಸ್ತೆ ಗುಂಡಿಯಲ್ಲಿ ಆರಿ ಉರಿಯುತ್ತದೆ

ಹಳೇ ಬಲ್ಬು ಉರಿದು ಎಲ್‌ಇಡಿ ಉರಿಯದಿದ್ದರೆ ಹೋಲ್ಡರಿನ ತಳದ ಸ್ಪ್ರಿಂಗ್ ನೋಡಿ. ವರ್ಷಗಟ್ಟಲೆ ಒತ್ತಿ ಅದು ಕುಗ್ಗಿರುತ್ತದೆ. ಕೆಲವು ಎಲ್‌ಇಡಿಗಳ ಬುಡದ ಸೀಸದ ಚುಕ್ಕಿ ಚಪ್ಪಟೆ. ಕೀ ಆಫ್ ಮಾಡಿ ಕಾಂಟ್ಯಾಕ್ಟನ್ನು ಮೆಲ್ಲಗೆ ಮೇಲೆತ್ತಿ, ಕಿಲುಬು ಕೆರೆದು ತೆಗೆಯಿರಿ. ಬಲ್ಬು ಒತ್ತಿ ತಿರುಗಿಸಿದಾಗ ಸ್ಪ್ರಿಂಗ್ ವಾಪಸ್ ತಳ್ಳುವುದು ಕೈಗೆ ತಿಳಿಯಬೇಕು. ಬಲವಂತವಾಗಿ ಉಲ್ಟಾ ಕೂರಿಸಬೇಡಿ.

ಎರಡೂ ಬಲ್ಬು ಉರಿಯದೆ, ಮೀಟರ್ ಮಾತ್ರ 12 ವೋಲ್ಟ್ ತೋರಿಸಿದರೆ ಗಲಿಬಿಲಿ ಆಗಬೇಡಿ. ಒಂದೇ ಒಂದು ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಹಳೇ ಬಲ್ಬು ಹೋಲ್ಡರಿನಲ್ಲಿ ಇದ್ದಾಗಲೇ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಿ ಅದೇ ಜಾಗ ಅಳೆಯಿರಿ. ಆಗ ವೋಲ್ಟ್ ಕುಸಿದರೆ ಅದರ ಹಿಂದೆ ಎಲ್ಲೋ ಜೋಡಣೆ ಕೊಳೆತಿದೆ. ಕುಸಿಯದೆ ಹಾಗೇ ನಿಂತರೆ ಅರ್ಥಿಂಗ್ ಕಡಿದಿದೆ.

ಬಲ್ಬು ಮತ್ತೆ ಮತ್ತೆ ಸಾಯುತ್ತದೆ

ಮೂರು ತಿಂಗಳಲ್ಲಿ ಎರಡು ಬಲ್ಬು ಹೋದರೆ ಮೂರನೆಯದನ್ನು ಕೊಳ್ಳುವ ಮೊದಲು ಬ್ಯಾಟರಿಯ ಎರಡು ತುದಿಗೆ ಮೀಟರ್ ಇಡಿ. ಎಂಜಿನ್ ಚೆನ್ನಾಗಿ ರೇಸ್ ಮಾಡಿದಾಗ 14.5 ವೋಲ್ಟ್ ಆಸುಪಾಸು ನಿಲ್ಲಬೇಕು. 15 ದಾಟಿ ಏರುತ್ತಿದ್ದರೆ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್, ವೋಲ್ಟನ್ನು ಹದ್ದಿನಲ್ಲಿಡುವ ಭಾಗ) ಹೋಗಿದೆ, ಮುಂದೆ ಬ್ಯಾಟರಿಯನ್ನೂ ಕೆಡಿಸುತ್ತದೆ. ಬ್ಯಾಟರಿ ಸತ್ತರೂ ಅಥವಾ ಬಿಚ್ಚಿಟ್ಟು ಕಿಕ್ ಹೊಡೆದು ಓಡಿಸಿದರೂ ವೋಲ್ಟ್ ಎಗರುತ್ತದೆ. ತಂತಿ ಬಲ್ಬು ಅದನ್ನು ಸ್ವಲ್ಪ ತಡೆದುಕೊಳ್ಳುತ್ತಿತ್ತು, ಎಲ್‌ಇಡಿ ತಡೆಯುವುದಿಲ್ಲ.

ಲೋಡ್ ರೆಸಿಸ್ಟರ್ (ಬೇಕೆಂದೇ ಹೆಚ್ಚು ಕರೆಂಟ್ ಎಳೆಯುವ ಬಿಡಿಭಾಗ) ಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಅದು ಇಂಡಿಕೇಟರ್ ಅತಿ ವೇಗವಾಗಿ ಮಿನುಗುವುದಕ್ಕೆ ಮದ್ದು. ಮಾಮೂಲಿ ಬೈಕಿನ ಬ್ರೇಕ್ ಲೈಟಿಗೆ ಬೇಡ, ಸುಮ್ನೆ ಕಾಯ್ದು ಪ್ಲಾಸ್ಟಿಕ್ ಕರಗಿಸುತ್ತದೆ. ಮೈಸೂರಿನಲ್ಲಿ ತಯಾರಾದ ಹಳೇ ಜಾವಾ ಅಥವಾ ಯೆಜ್ದಿ ಇಟ್ಟುಕೊಂಡವರು ಒಂದು ನೆನಪಿಡಿ: ನಿಮ್ಮದು 6 ವೋಲ್ಟ್ ಗಾಡಿಯಾಗಿರಬಹುದು. 12 ವೋಲ್ಟ್ ಎಲ್‌ಇಡಿ ಅದರಲ್ಲಿ ಮಂಕಾಗಿ ಉರಿಯುತ್ತದೆ ಅಥವಾ ಉರಿಯುವುದೇ ಇಲ್ಲ. 6 ವೋಲ್ಟ್‌ನದ್ದನ್ನೇ ಕೇಳಿ ತನ್ನಿ. ಬ್ರೇಕ್ ಹಿಡಿದಾಗ ಪಟಪಟ ಮಿನುಗುವ ಬಲ್ಬನ್ನು ಯಾವ ಗಾಡಿಗೂ ಹಾಕಬೇಡಿ. ಮಂಜಿನಲ್ಲಿ ಹಿಂದಿನ ಚಾಲಕರಿಗೆ ದೂರ ಅಂದಾಜು ಮಾಡುವುದೇ ಕಷ್ಟವಾಗುತ್ತದೆ.

ಎಲ್ಲ ಮುಗಿದ ಮೇಲೆ ಸಂಜೆ ಕತ್ತಲಾಗಲಿ. ಗಾಡಿ ಸ್ಟಾರ್ಟ್ ಮಾಡಿ, ಮನೆಯವರೊಬ್ಬರನ್ನು ಮೂವತ್ತು ನಲವತ್ತು ಹೆಜ್ಜೆ ಹಿಂದೆ ನಿಲ್ಲಿಸಿ. ಮುಂದಿನ ಬ್ರೇಕ್ ಮಾತ್ರ ಹಿಡಿಯಿರಿ, ಆಮೇಲೆ ಹಿಂದಿನದು ಮಾತ್ರ. ಇಂಡಿಕೇಟರ್ ಹಾಕಿಕೊಂಡು ಮತ್ತೊಮ್ಮೆ ಹಿಡಿಯಿರಿ. ನಂತರ ಪೈಪಿನಲ್ಲಿ ಹಿಂದಿನ ಸ್ವಿಚ್ಚಿಗೂ ಟೇಲ್ ಲ್ಯಾಂಪಿಗೂ ಚೆನ್ನಾಗಿ ನೀರು ಹೊಡೆದು, ಹತ್ತು ನಿಮಿಷ ಬಿಟ್ಟು, ಇದನ್ನೆಲ್ಲ ಇನ್ನೊಮ್ಮೆ ಮಾಡಿ. ಹಳೇ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಡಿ.